ವಿಂಡೋಸ್ ಬದಲಾದರೂ ಏಳದ ಕೀಗಳು

ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುವವರಿಗೆ ಎಫ್ ಕೀ ಇಲ್ಲದೆ ಒತ್ತಕ್ಷರವಿಲ್ಲ. ಅದು ಬಳಸುವ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಒಂದು ಅಕ್ಷರಕ್ಕೆ ಇನ್ನೊಂದನ್ನು ಒತ್ತಾಗಿ ಕೊಡುವುದು ಅದೇ ಕೀ. ಅದೊಂದು ಸತ್ತರೆ ಸಕಲೇಶಪುರ, ಆಲೂರು, ಹಾಸನ ಎಂದು ಸರಾಗವಾಗಿ ಬರೆಯಬಹುದು. ಜಿಲ್ಲೆ ಎಂದಾಗಲಿ ಅರ್ಜಿ ಎಂದಾಗಲಿ ಬರೆಯಲಾಗದು. ಆರಿದ್ರಾ, ಪುನರ್ವಸು ಮಳೆ ಹಿಡಿದು ಕೂತಾಗ ಘಟ್ಟದ ಅಂಚಿನ ಮನೆಗಳಲ್ಲಿ, ತೋಟದ ಆಫೀಸುಗಳಲ್ಲಿ ಇಂಥ ತೊಂದರೆ ತಲೆಯೆತ್ತುತ್ತದೆ. ಎಫ್ ಜೊತೆಗೆ, ಅದಕ್ಕೆ ಸಂಬಂಧವೇ ಇಲ್ಲದಂತೆ ಕಾಣುವ ಇನ್ನೆರಡು ಕೀಗಳೂ ಮಲಗುತ್ತವೆ. ರೀಸ್ಟಾರ್ಟ್ ಮಾಡಿದ್ದಾಯಿತು, ಆ್ಯಂಟಿವೈರಸ್ ಓಡಿಸಿದ್ದಾಯಿತು. ಕೊನೆಗೆ ಯಾರಾದರೂ ‘ವಿಂಡೋಸ್ ಹೊಸದಾಗಿ ಹಾಕಿಸಿಬಿಡಿ’ ಅನ್ನುತ್ತಾರೆ. ಹಾಕಿಸಿದ ಮೇಲೂ ಸಾಮಾನ್ಯವಾಗಿ ಕೀಗಳು ಏಳುವುದಿಲ್ಲ. ಆದರೆ ಆ ಭರಾಟೆಯಲ್ಲಿ ಆಳುಗಳ ಬಟವಾಡೆ ಲೆಕ್ಕ, ಮೆಣಸು ಮಾರಿದ ಚೀಟಿಗಳ ಸ್ಕ್ಯಾನ್, ಮಕ್ಕಳ ಫೋಟೊ ಎಲ್ಲ ಅಳಿಸಿಹೋಗಿರುತ್ತವೆ. ಕೀಬೋರ್ಡ್ ಹೋದರೆ ಹೊಸದು ಬರುತ್ತದೆ, ಅಳಿಸಿಹೋದ ಲೆಕ್ಕ ಬರುವುದಿಲ್ಲ. ಹಾಗಾಗಿಯೇ ಈ ವಿಷಯವನ್ನು ಬಿಡಿಸಿ ಹೇಳಬೇಕೆನಿಸಿತು.

ನಾವು ಎಫ್ ಒತ್ತಿದಾಗ ಕಂಪ್ಯೂಟರಿಗೆ ಎಫ್ ಎಂಬ ಅಕ್ಷರ ಹೋಗುವುದೇ ಇಲ್ಲ. ಕೀಬೋರ್ಡಿನ ಅಡಿಯಲ್ಲಿ ಪಾಲಿಯೆಸ್ಟರಿನ ತೆಳು ಹಾಳೆಗಳಿವೆ. ಅವುಗಳ ಮೇಲೆ ಬೆಳ್ಳಿಯ ಪುಡಿ ಬೆರೆಸಿದ ಶಾಯಿಯಿಂದ ಗೆರೆಗಳನ್ನು ಅಚ್ಚು ಹಾಕಿರುತ್ತಾರೆ. ಒಂದು ಹಾಳೆಯಲ್ಲಿ ಅಡ್ಡಗೆರೆ, ಇನ್ನೊಂದರಲ್ಲಿ ಉದ್ದಗೆರೆ, ನಡುವೆ ತೂತುಗಳಿರುವ ಮೂರನೆಯ ಹಾಳೆ. ಕೀ ಒತ್ತಿದಾಗ ಆ ತೂತಿನಲ್ಲಿ ಮೇಲಿನ ಗೆರೆ ಕೆಳಗಿನದಕ್ಕೆ ತಾಗುತ್ತದೆ. ಒಂದೊಂದು ಕೀಗೆ ಒಂದೊಂದು ತಂತಿ ಎಳೆದರೆ ನೂರರ ಆಸುಪಾಸು ತಂತಿ ಬೇಕಾದೀತು. 16 ಗೆರೆ ಒಂದು ಕಡೆ, 8 ಗೆರೆ ಇನ್ನೊಂದು ಕಡೆ ಇಟ್ಟರೆ 128 ಸಂಧಿಗಳಾಗುತ್ತವೆ, 24 ತಂತಿಯಲ್ಲಿ ಕೆಲಸ ಮುಗಿಯುತ್ತದೆ. ಒಂದು ಪುಟ್ಟ ಚಿಪ್ ಈ ಗೆರೆಗಳನ್ನು ಒಂದಾದ ಮೇಲೊಂದರಂತೆ ಬಿಡುವಿಲ್ಲದೆ ತಡವುತ್ತ, ಯಾವ ಸಂಧಿ ಕೂಡಿತೆಂದು ನೋಡಿ, ಅದರ ಸಂಖ್ಯೆಯನ್ನಷ್ಟೇ ಮುಂದಕ್ಕೆ ಕಳಿಸುತ್ತದೆ. ಯುಎಸ್‌ಬಿ ಕೀಬೋರ್ಡಿನಲ್ಲಿ ಎಫ್ ಕೀಯ ಸಂಖ್ಯೆ 9. ಆ 9 ಇಂಗ್ಲಿಷಿನ ಎಫ್ ಆಗಬೇಕೋ ಕನ್ನಡದ ಒತ್ತಾಗಬೇಕೋ ಎಂದು ತೀರ್ಮಾನಿಸುವುದು ಮಾತ್ರ ವಿಂಡೋಸ್ ಅಥವಾ ಲಿನಕ್ಸ್. ಈ ಕೆಲಸ ಹಂಚಿಕೆ ಹಳೆಯದು: 1981ರ ಐಬಿಎಂ ಪಿಸಿಯ ಕೀಬೋರ್ಡಿನೊಳಗೇ ಇಂಟೆಲ್ 8048 ಎಂಬ ಚಿಪ್ ತನ್ನದೇ ಪ್ರೋಗ್ರಾಮ್ ಇಟ್ಟುಕೊಂಡು ಕೂತಿತ್ತು.

ಬೆಳ್ಳಿಗೆರೆ ಎಲ್ಲೋ ತುಂಡಾಗಿದ್ದರೆ 9 ಹೊರಡುವುದೇ ಇಲ್ಲ. ಬಾರದ ಸಂಖ್ಯೆಯನ್ನು ಯಾವ ಆಪರೇಟಿಂಗ್ ಸಿಸ್ಟಮ್ ತಾನೇ ಓದೀತು? ಒಂದು ಗೆರೆ ಹಲವು ಕೀಗಳಿಗೆ ಹಂಚಿಕೆಯಾಗಿರುವುದರಿಂದ, ತುಂಡಾದ ಜಾಗದಿಂದಾಚೆ ಅದರ ಮೇಲಿರುವ ಕೀಗಳೆಲ್ಲ ಒಟ್ಟಿಗೆ ಹೋಗುತ್ತವೆ. ಗೆರೆಗಳು ಜಾಗ ಸಿಕ್ಕಲ್ಲಿ ಬಳಸಿಕೊಂಡು ಹೋಗುವುದರಿಂದ, ಸತ್ತ ಕೀಗಳು ನಮ್ಮ ಕಣ್ಣಿಗೆ ಅಲ್ಲೊಂದು ಇಲ್ಲೊಂದು ಎಂಬಂತೆ ಕಾಣುತ್ತವೆ. ಅದು ವೈರಸ್ಸಿನ ಚೇಷ್ಟೆಯಲ್ಲ, ಗೆರೆ ಹರಿದ ದಾರಿ.

ಇನ್ನು ಗೆರೆ ತುಂಡಾಗುವುದೇಕೆ? ಮಲೆನಾಡಿನ ಅಡುಗೆಮನೆಯಲ್ಲಿ ಮಳೆಗಾಲಕ್ಕೆ ಉಪ್ಪು ನೀರು ಬಿಡುವುದನ್ನು ಎಲ್ಲರೂ ಕಂಡಿದ್ದಾರೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 75 ಪ್ರತಿಶತ ದಾಟಿದರೆ ಉಪ್ಪಿನ ಹರಳು ಗಾಳಿಯ ನೀರನ್ನು ತಾನೇ ಎಳೆದುಕೊಂಡು ಕರಗುತ್ತದೆ. ನಮ್ಮ ಬೆರಳಿನ ಬೆವರು ಕೀಗಳ ಸಂದಿಯಲ್ಲಿ ಬಿಟ್ಟಿರುವುದೂ ಅದೇ ಉಪ್ಪು. ಘಟ್ಟದಂಚಿನ ಹೆತ್ತೂರು, ಬಿಸ್ಲೆಯ ಕಡೆ ಜುಲೈನಲ್ಲಿ ಬಿಸಿಲು ಮುಖ ತೋರಿಸದ ವಾರಗಳಲ್ಲಿ ಗಾಳಿಯ ಆರ್ದ್ರತೆ 75ಕ್ಕಿಂತ ಕೆಳಗಿಳಿಯುವುದೇ ಅಪರೂಪ. ಆಲೂರಿನತ್ತ ಬಂದಂತೆ ಮಳೆ ಬೇಗ ಇಳಿಮುಖವಾಗುತ್ತದೆ ನಿಜ. ಆದರೆ ಜಡಿ ಹಿಡಿದ ದಿನಗಳಲ್ಲಿ ಅಲ್ಲಿಯ ಗಾಳಿಯೂ ಕಡಿಮೆ ತೇವದ್ದಲ್ಲ. ಹೀಗೆ ಎರಡು ಗೆರೆಗಳ ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾದ ಉಪ್ಪುನೀರಿನ ಪೊರೆ ಕೂರುತ್ತದೆ.

ಪೊರೆಯೊಂದೇ ಆಗಿದ್ದರೆ ಒಣಗಿ ಹೋಗುತ್ತಿತ್ತು. ಅದರ ಜೊತೆಗೆ ವಿದ್ಯುತ್ ಸೇರಿದಾಗ ಕೆಲಸ ಕೆಡುತ್ತದೆ. ಎರಡು ಗೆರೆಗಳ ನಡುವೆ ಕೆಲವೇ ವೋಲ್ಟ್ ವ್ಯತ್ಯಾಸವಿದ್ದರೂ ಸಾಕು, ಧನ ತುದಿಯ ಬೆಳ್ಳಿ ಅಯಾನಾಗಿ ನೀರಿಗಿಳಿದು, ಋಣ ತುದಿಯತ್ತ ತೇಲಿ, ಅಲ್ಲಿ ಮತ್ತೆ ಲೋಹವಾಗಿ ಅಂಟುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜರೀಗಿಡದ ಎಲೆಯಂಥ ಕವಲುಗಳು ಒಂದು ಗೆರೆಯಿಂದ ಇನ್ನೊಂದರ ಕಡೆಗೆ ಚಾಚಿರುತ್ತವೆ. ಅಮೆರಿಕದ ಬೆಲ್ ಲ್ಯಾಬ್ಸ್‌ನ ಸಂಶೋಧಕರು ಬೆಳ್ಳಿಯ ಈ ವಲಸೆಯನ್ನು 1955ರಲ್ಲೇ ವಿವರವಾಗಿ ಪ್ರಕಟಿಸಿದ್ದರು. ಈ ಬಗೆಯ ವಲಸೆಯಲ್ಲಿ ಬೆಳ್ಳಿಯನ್ನು ಮೀರಿಸುವ ಲೋಹವಿಲ್ಲ. ಕವಲು ಎದುರಿನ ಗೆರೆಯನ್ನು ಮುಟ್ಟಿದರೆ ಒಂದು ಕೀ ಒತ್ತಿದಾಗ ಎರಡು ಅಕ್ಷರ ಬೀಳುತ್ತವೆ, ಇಲ್ಲವೇ ಒತ್ತದೆಯೂ ಅಕ್ಷರ ಓಡುತ್ತದೆ. ಬೆಳ್ಳಿ ಕಳೆದುಕೊಂಡ ಗೆರೆ ಸವೆದು ತುಂಡಾದರೆ ಕೀಗಳು ಸಾಯುತ್ತವೆ. ಎರಡೂ ರೋಗಲಕ್ಷಣಗಳ ಮೂಲ ಒಂದೇ. ಹಾಲು, ಸಕ್ಕರೆ ಹಾಕಿದ ಕಾಫಿ ಚೆಲ್ಲಿದ್ದರಂತೂ ವರ್ಷಗಳ ಈ ಕೆಲಸ ಗಂಟೆಗಳಲ್ಲಿ ಆಗಿಬಿಡಬಹುದು.

ಕೆಲವೊಮ್ಮೆ ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಕೀಗಳು ನಿಜವಾಗಿಯೂ ಎದ್ದು ಕೂರುವುದುಂಟು. ಆ ಚಿಕಿತ್ಸೆಯ ಮೇಲೆ ಜನರಿಗೆ ನಂಬಿಕೆ ಹುಟ್ಟಿದ್ದೂ ಅದರಿಂದಲೇ. ಗಮನಿಸಬೇಕಾದದ್ದು ಬೇರೆ. ಇನ್‌ಸ್ಟಾಲ್, ಅಪ್‌ಡೇಟ್ ಎಂದು ಯಂತ್ರ ಗಂಟೆಗಟ್ಟಲೆ ಬಿಸಿಯಾಗಿ ಓಡಿರುತ್ತದೆ. 22 ಡಿಗ್ರಿಯಲ್ಲಿ 95 ಪ್ರತಿಶತ ಆರ್ದ್ರತೆ ಇರುವ ಗಾಳಿಯನ್ನು 32 ಡಿಗ್ರಿಗೆ ಕಾಯಿಸಿದರೆ, ಒಂದು ಹನಿ ನೀರನ್ನೂ ತೆಗೆಯದೆ ಅದರ ಆರ್ದ್ರತೆ ಸುಮಾರು 53ಕ್ಕೆ ಇಳಿಯುತ್ತದೆ. ಉಪ್ಪಿನ ಪೊರೆ ಒಣಗುತ್ತದೆ, ಗೆರೆ ಇನ್ನೂ ಪೂರ್ತಿ ತುಂಡಾಗಿರದಿದ್ದರೆ ಕೀ ಸ್ಪಂದಿಸುತ್ತದೆ, ಕೀರ್ತಿ ವಿಂಡೋಸ್‌ಗೆ ಹೋಗುತ್ತದೆ. ಮುಂದಿನ ವಾರ ಮತ್ತೆ ಅದೇ ಕಥೆ. ಬೆಳಿಗ್ಗೆ ಸತ್ತಿದ್ದ ಕೀ ಮಧ್ಯಾಹ್ನದ ಹೊತ್ತಿಗೆ ಜೀವ ಪಡೆಯುತ್ತಿದ್ದರೆ ತೇವದ ಮೇಲೆ ಅನುಮಾನ ಪಡಲು ಅದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ಆದ್ದರಿಂದ ಡಿಸ್ಕ್ ಅಳಿಸುವ ಮೊದಲು ಯುಎಸ್‌ಬಿ ಕೀಬೋರ್ಡ್ ಒಂದನ್ನು ನೆರೆಮನೆಯಿಂದಾದರೂ ತಂದು ಸಿಕ್ಕಿಸಿ. ಅದರಲ್ಲಿ ಎಫ್ ಬಂದು, ಲ್ಯಾಪ್‌ಟಾಪಿನದರಲ್ಲಿ ಬಾರದಿದ್ದರೆ ವಿಂಡೋಸ್ ಬಹುಮಟ್ಟಿಗೆ ನಿರಪರಾಧಿ. ಇನ್ನೂ ಗಟ್ಟಿ ಪುರಾವೆ ಬೇಕೆಂದರೆ ವಿಂಡೋಸ್ ಏಳುವ ಮೊದಲೇ ಕೀಬೋರ್ಡನ್ನು ಪರೀಕ್ಷಿಸಬೇಕು. ಬಯೋಸ್ ಪರದೆಯಲ್ಲಿ ಪಾಸ್‌ವರ್ಡ್ ಅಥವಾ ಹುಡುಕಾಟದ ಖಾನೆ ಇದ್ದರೆ ಅಲ್ಲಿ ಒತ್ತಿ ನೋಡಬಹುದು. ಪೆನ್‌ಡ್ರೈವಿನಿಂದ ಲಿನಕ್ಸ್ ಎಬ್ಬಿಸಿಯೂ ನೋಡಬಹುದು, ಇನ್‌ಸ್ಟಾಲ್ ಒತ್ತದಿದ್ದರೆ ಡಿಸ್ಕಿನಲ್ಲಿರುವುದನ್ನು ಅದು ಮುಟ್ಟುವುದಿಲ್ಲ. ಅಲ್ಲೂ ಕೀ ಸತ್ತಿದ್ದರೆ ರಿಪೇರಿಯಾಗಬೇಕಾದದ್ದು ಹಾಳೆ, ಅದರ ರಿಬ್ಬನ್ ಕೇಬಲ್ ಅಥವಾ ಚಿಪ್. ಹೊಸ ಕೀಬೋರ್ಡ್ ಬರುವವರೆಗೆ ಪರದೆಯ ಮೇಲಿನ ಕೀಬೋರ್ಡ್ ಸಾಕು. ಮೈಕ್ರೋಸಾಫ್ಟಿನ ಪವರ್‌ಟಾಯ್ಸ್‌ನಲ್ಲಿ ಬಳಸದ ಒಂದು ಕೀಗೆ ಎಫ್‌ನ ಕೆಲಸ ಕೊಡಲೂ ಬರುತ್ತದೆ.

ಎರಡು ಕೀಬೋರ್ಡಿನಲ್ಲೂ ಒಂದೇ ತೊಂದರೆ ಕಂಡರೆ ಮಾತ್ರ ಸೆಟ್ಟಿಂಗ್ ಕಡೆ ತಿರುಗಬೇಕು. ಬಲಗಡೆಯ ಶಿಫ್ಟ್ ಕೀಯನ್ನು 8 ಸೆಕೆಂಡ್ ಒತ್ತಿಹಿಡಿದರೆ ವಿಂಡೋಸ್‌ನಲ್ಲಿ ಫಿಲ್ಟರ್ ಕೀಸ್ ಎಂಬ ಸೌಲಭ್ಯ ಜಾಗೃತವಾಗುತ್ತದೆ, ಆಮೇಲೆ ಚುಟುಕಾಗಿ ಒತ್ತಿದ ಕೀಗಳು ಲೆಕ್ಕಕ್ಕೆ ಬಾರದೆ ಹೋಗಬಹುದು. ಚಾರ್ಜರ್ ತೆಗೆದು, ಯಂತ್ರ ಪೂರ್ತಿ ಆರಿಸಿ, ಪವರ್ ಬಟನ್ ಅರ್ಧ ನಿಮಿಷ ಒತ್ತಿಹಿಡಿಯುವುದನ್ನೂ ಒಮ್ಮೆ ಮಾಡಿ. ಗೊಂದಲಗೊಂಡ ನಿಯಂತ್ರಕ ಚಿಪ್ ಅದರಿಂದ ಹೊಸದಾಗಿ ಶುರುವಾಗಬಹುದು.

ಕಾಫಿ ಬೆಳೆಗಾರರಿಗೆ ತೇವದ ಪಾಠ ಹೇಳಿಕೊಡಬೇಕಾಗಿಲ್ಲ. ಪಾರ್ಚ್‌ಮೆಂಟ್ ಕಾಫಿಯನ್ನು 10 ಪ್ರತಿಶತಕ್ಕೆ ಒಣಗಿಸಿಯೇ ಮೂಟೆ ಕಟ್ಟುವವರು ಅವರು. ಬೀಜದ ತೇವ ತೋರಿಸುವ ಮೀಟರುಗಳೂ ಬಹುಪಾಲು ಅಳೆಯುವುದು ನೀರಿನಿಂದ ಬದಲಾಗುವ ವಿದ್ಯುತ್ ಗುಣವನ್ನೇ. ಆ ಎಚ್ಚರ ಮೇಜಿನ ಮೇಲಿನ ಯಂತ್ರಕ್ಕೂ ಸಲ್ಲಬೇಕು. ಮರ ಬಿದ್ದು ತಂತಿ ಹರಿದು ಕರೆಂಟು ಮೂರ್ನಾಲ್ಕು ದಿನ ಹೋದಾಗ ಲ್ಯಾಪ್‌ಟಾಪ್ ತಣ್ಣಗಾಗಿ ತೇವ ಕುಡಿಯುತ್ತದೆ. ಅಂಥ ದಿನಗಳಲ್ಲಿ ಅದನ್ನು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬಿಗಿ ಮುಚ್ಚಳದ ಡಬ್ಬದಲ್ಲಿಡಿ. ಬಟ್ಟೆ ಒಣಗಿಸುವ ಒಲೆಯ ಪಕ್ಕ ಮಾತ್ರ ಇಡಬೇಡಿ, ಪಾಲಿಯೆಸ್ಟರ್ ಹಾಳೆ ಸೊಟ್ಟಗಾಗಬಹುದು. ಕಾಫಿ ಚೆಲ್ಲಿದರೆ ಮೊದಲು ಚಾರ್ಜರ್ ಕಿತ್ತು, ಯಂತ್ರ ಆರಿಸಿ, ಬೋರಲು ಹಾಕಿ. ಅಕ್ಕಿ ಡಬ್ಬಕ್ಕೆ ಹಾಕಿ ಪ್ರಯೋಜನವಿಲ್ಲ. ಬಿಚ್ಚಿ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಪೂರ್ತಿ ಒಣಗಿದೆ ಎಂದು ಖಾತ್ರಿಯಾಗುವವರೆಗೆ ‘ಬರುತ್ತದಾ ನೋಡೋಣ’ ಎಂದು ಒಮ್ಮೆಯೂ ಆನ್ ಮಾಡಬೇಡಿ. ಬೆಳ್ಳಿ ಹೊರಡಲು ಕಾಯುತ್ತಿರುವುದು ಆ ವೋಲ್ಟ್‌ಗಾಗಿಯೇ.