ಬ್ಯಾಂಡ್ ಅಂಕ ಬಂದರೆ ಸಾಕೆ? ವಿದೇಶ ವ್ಯಾಸಂಗಕ್ಕೆ ಬೇಕಾದ ಇಂಗ್ಲಿಷೇ ಬೇರೆ

ವಿದೇಶದಲ್ಲಿ ಉನ್ನತ ವ್ಯಾಸಂಗ ಮಾಡಬಯಸುವ ವಿದ್ಯಾರ್ಥಿಗೆ ಮೊದಲು ಎದುರಾಗುವುದು ಇಂಗ್ಲಿಷ್ ಪರೀಕ್ಷೆ. ಐಇಎಲ್‌ಟಿಎಸ್‌ನಲ್ಲಿ 6.5 ಅಥವಾ 7 ಬ್ಯಾಂಡ್ ದೊರೆತೊಡನೆ ಭಾಷೆಯ ಚಿಂತೆ ತೀರಿತೆಂದು ಹಲವರು ಭಾವಿಸುತ್ತಾರೆ. ನಿಜವಾದ ಪರೀಕ್ಷೆ ಆರಂಭವಾಗುವುದು ಅಲ್ಲಿನ ಮೊದಲ ಸೆಮಿಸ್ಟರ್‌ನಲ್ಲಿ. ಬ್ಯಾಂಕ್ ಸಾಲ ಪಡೆದು, ಮನೆಯವರ ಉಳಿತಾಯವನ್ನೂ ತೊಡಗಿಸಿ ಹೋದವರು ಅಲ್ಲಿ ಎಡವಿದರೆ ಪೆಟ್ಟು ಬೀಳುವುದು ಅಂಕಪಟ್ಟಿಗೆ ಮಾತ್ರವಲ್ಲ.

ಪರೀಕ್ಷೆ ಅಳೆಯುವುದೇನು?

1989ರಲ್ಲಿ ಆರಂಭವಾದ ಐಇಎಲ್‌ಟಿಎಸ್ ಆಲಿಸುವಿಕೆ, ಓದು, ಬರಹ ಮತ್ತು ಮಾತು ಎಂಬ ನಾಲ್ಕು ಕೌಶಲಗಳನ್ನು ಅಳೆಯುತ್ತದೆ. ಬರಹಕ್ಕೆ ಇರುವುದು 60 ನಿಮಿಷ. ಅಷ್ಟರಲ್ಲಿ ನಕ್ಷೆ ಅಥವಾ ಕೋಷ್ಟಕವೊಂದನ್ನು ಕನಿಷ್ಠ 150 ಪದಗಳಲ್ಲಿ ವಿವರಿಸಿ, 250 ಪದಗಳ ಪ್ರಬಂಧವನ್ನೂ ಬರೆಯಬೇಕು. ಈ ಪ್ರಬಂಧಕ್ಕೆ ಸ್ವಂತ ಅನುಭವದ ಉದಾಹರಣೆ ಸಾಕು. ಯಾವ ಗ್ರಂಥವನ್ನೂ ಉಲ್ಲೇಖಿಸಬೇಕಿಲ್ಲ. ವಿಶ್ವವಿದ್ಯಾಲಯದಲ್ಲಾದರೋ ಹಲವು ಸಂಶೋಧನಾ ಲೇಖನಗಳನ್ನು ಓದಿ, ತೂಗಿ, ಸಾವಿರಾರು ಪದಗಳಲ್ಲಿ ವಾದ ಮಂಡಿಸಬೇಕಾಗುತ್ತದೆ.

ಪದಗಳ ತೊಡಕು

ನ್ಯೂಜಿಲೆಂಡಿನ ಭಾಷಾತಜ್ಞೆ ಆವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಶೈಕ್ಷಣಿಕ ಬರಹಗಳಲ್ಲಿ ಪದೇ ಪದೇ ಬರುವ 570 ಪದಕುಟುಂಬಗಳಿವೆ. ಅಂಥ ಬರಹಗಳ ಸುಮಾರು ಶೇ. 10ರಷ್ಟು ಪದಗಳು ಇವೇ. ಪರಿಚಿತ ಪದವೂ ಇಲ್ಲಿ ಅರ್ಥ ಬದಲಿಸಬಹುದು. ‘ಸಿಗ್ನಿಫಿಕೆಂಟ್’ ಎಂದರೆ ಆಡುಮಾತಿನಲ್ಲಿ ಮಹತ್ವದ್ದು. ಸಂಖ್ಯಾಶಾಸ್ತ್ರದಲ್ಲಿ ಅದು ನಿರ್ದಿಷ್ಟ ಪರೀಕ್ಷೆಯೊಂದರ ಫಲಿತಾಂಶ.

ಕನ್ನಡದ ಜಾಡು

ಕನ್ನಡದಲ್ಲಿ ‘ಎ’, ‘ದಿ’ಗಳಂಥ ಉಪಪದಗಳಿಲ್ಲ. ಕರ್ತೃಪದವನ್ನು ಬಿಟ್ಟರೂ ವಾಕ್ಯ ನಿಲ್ಲುತ್ತದೆ. ‘ಕುರಿತು ಚರ್ಚಿಸು’ ಎಂಬ ರೂಢಿಯಿಂದ ‘ಡಿಸ್ಕಸ್ ಅಬೌಟ್’ ಎಂಬ ತಪ್ಪು ಸುಲಭವಾಗಿ ನುಸುಳುತ್ತದೆ. ಇವು ಅಭ್ಯಾಸದಿಂದ ತಿದ್ದಬಹುದಾದ ದೋಷಗಳು.

ಬರಹದ ಕಟ್ಟಡ ಬದಲಿಸುವುದು ಹೆಚ್ಚು ಕಷ್ಟ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ಶಾಲಾ ಪ್ರಬಂಧದ ಕ್ರಮದಲ್ಲಿ ಲೇಖಕನ ನಿಲುವು ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಇಂಗ್ಲಿಷ್ ಶೈಕ್ಷಣಿಕ ಪ್ರಬಂಧ ಅದನ್ನು ಪೀಠಿಕೆಯಲ್ಲಿಯೇ ಬಯಸುತ್ತದೆ. ‘ಸಾಬೀತಾಗಿದೆ’ ಎನ್ನುವ ಬದಲು, ಪುರಾವೆ ಇದ್ದಷ್ಟು ಮಟ್ಟಿಗೆ ‘ಸೂಚಿಸುತ್ತದೆ’ ಎನ್ನುವ ಎಚ್ಚರವೂ ಅಲ್ಲಿ ಮುಖ್ಯ.

ಕಂಠಪಾಠವೇ ಕಂಟಕ

ಎಲ್ಲಕ್ಕಿಂತ ದೊಡ್ಡ ಅಪಾಯ ಬೇರೆಯದೇ ಇದೆ. ನಮ್ಮ ಪರೀಕ್ಷೆಗಳಲ್ಲಿ ಪಠ್ಯದ ಅಥವಾ ಗೈಡಿನ ಉತ್ತರವನ್ನು ಯಥಾವತ್ತಾಗಿ ಬರೆದರೂ ಅಂಕ ದೊರೆಯುವುದುಂಟು. ಅಲ್ಲಿ ಮೂಲ ಹೇಳದೆ ಹಾಗೆ ಬರೆದರೆ ಅದು ಕೃತಿಚೌರ್ಯ. ನಾಲ್ಕಾರು ಪದ ಬದಲಿಸಿ ಅದೇ ವಾಕ್ಯರಚನೆ ಉಳಿಸಿದರೂ ಅಪವಾದ ತಪ್ಪದು. ಉದ್ದೇಶವಿರಲಿಲ್ಲ ಎಂಬ ಸಮಜಾಯಿಷಿ ಎಲ್ಲ ಸಂದರ್ಭಗಳಲ್ಲೂ ನಡೆಯುವುದಿಲ್ಲ. ಟರ್ನಿಟಿನ್‌ನಂಥ ತಂತ್ರಾಂಶಗಳು ಹೋಲಿಕೆಯನ್ನು ಎತ್ತಿ ತೋರಿಸುತ್ತವೆ. ಶಿಕ್ಷೆ ಶೂನ್ಯ ಅಂಕದಿಂದ ಹಿಡಿದು ಉಚ್ಚಾಟನೆಯವರೆಗೂ ಹೋಗಬಹುದು. ಕೃತಕ ಬುದ್ಧಿಮತ್ತೆಯ ಸಾಧನಗಳ ಬಳಕೆಗೆ ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ನಿಯಮವಿರುವುದರಿಂದ, ಅದನ್ನು ಮೊದಲೇ ಓದಿಕೊಳ್ಳುವುದು ಕ್ಷೇಮ.

ಸಿದ್ಧತೆ ಹೇಗೆ?

ಪ್ರವೇಶಪತ್ರ ಕೈಸೇರಿದ ದಿನದಿಂದ ವಿಮಾನ ಏರುವವರೆಗಿನ ತಿಂಗಳುಗಳು ಅಮೂಲ್ಯ. ವಾರಕ್ಕೆ ತಮ್ಮ ವಿಷಯದ ಒಂದು ಸಂಶೋಧನಾ ಲೇಖನ ಓದಿ, ಅದನ್ನು ಮುಚ್ಚಿಟ್ಟು, ಸಾರವನ್ನು 150 ಪದಗಳಲ್ಲಿ ಬರೆದು, ಲೇಖಕರ ಹೆಸರು ಮತ್ತು ವರ್ಷವನ್ನು ನಮೂದಿಸುವುದು ಒಳ್ಳೆಯ ಅಭ್ಯಾಸ. ಉಪನ್ಯಾಸದ ವೇಗಕ್ಕೆ ಕಿವಿ ಒಗ್ಗಿಸಿಕೊಳ್ಳಲು ಎಂಐಟಿ ಓಪನ್‌ಕೋರ್ಸ್‌ವೇರ್‌ನ ಪಾಠಗಳು ಉಚಿತವಾಗಿ ಲಭ್ಯ. ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯಗಳಲ್ಲಿ ತರಗತಿ ಪೂರ್ವ ಭಾಷಾ ಕೋರ್ಸುಗಳಿವೆ. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಬರವಣಿಗೆ ಕೇಂದ್ರಗಳಿವೆ. ಅಲ್ಲಿಗೆ ಹೋಗುವುದು ದಡ್ಡತನದ ಗುರುತಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದವರು ಅಳುಕಬೇಕಿಲ್ಲ. ಓದಿದ ಪರಿಕಲ್ಪನೆಯನ್ನು ಮೊದಲು ಕನ್ನಡದಲ್ಲಿ ತಮಗೆ ತಾವೇ ವಿವರಿಸಿಕೊಂಡರೆ ಅರ್ಥವಾದದ್ದೆಷ್ಟು, ಬಾಯಿಪಾಠವಾದದ್ದೆಷ್ಟು ಎಂಬುದು ತಿಳಿಯುತ್ತದೆ. ಅರ್ಥವಾದದ್ದನ್ನು ಸ್ವಂತ ಮಾತಿನಲ್ಲಿ ಹೇಳಬಲ್ಲವರಿಗೆ ಇಂಗ್ಲಿಷಿನಲ್ಲಿ ಪದ ಹುಡುಕುವುದಷ್ಟೇ ಉಳಿಯುವ ಕೆಲಸ.