ತೋಟಕ್ಕೆ ಕೆರೆಗೋಡು, ಹೊದಿಕೆ, ಗ್ರಾವಲ್: ಊರಿನ ಆಳುಗಳಿಂದ ಕೆಲಸ ಮಾಡಿಸುವ ಬಗೆ

ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕು ತೆಂಗು ಮತ್ತು ಕೊಬ್ಬರಿಗೆ ಹೆಸರಾದುದು. ಇಲ್ಲಿನ ಬಹುಪಾಲು ಜಮೀನು ಮರಳುಮಿಶ್ರಿತ ಕೆಂಪುಮಣ್ಣು. ಇದರಲ್ಲಿ ನೀರು ಬೇಗ ಇಂಗುತ್ತದೆ, ಬೇಗ ಆರುತ್ತದೆ. 2010ರ ದಶಕದ ಬರಗಾಲದಲ್ಲಿ ಈ ಭಾಗದ ಎಷ್ಟೋ ತೋಟಗಳಲ್ಲಿ ಫಲ ಕೊಡುತ್ತಿದ್ದ ಮರಗಳೇ ಒಣಗಿದುದನ್ನು ರೈತರು ಕಂಡಿದ್ದಾರೆ. ಮಣ್ಣಿನಲ್ಲಿ ತೇವ ಹಿಡಿದಿಡಲು ಕೆರೆಗೋಡು ಹಾಕುವುದು ಮತ್ತು ಪಾತಿಗೆ ಹೊದಿಕೆ ಹಾಸುವುದು ಹಳೆಯ ಹಾಗೂ ಪರೀಕ್ಷಿತ ಕ್ರಮಗಳು. ಆದರೆ ಈ ಕೆಲಸಗಳಿಗೆ ಆಳು, ಟ್ರ್ಯಾಕ್ಟರ್ ಎರಡೂ ಬೇಕು. ಲೆಕ್ಕವಿಲ್ಲದೆ ಮಾಡಿಸಿದರೆ ಹಣ ಹೋಗಿ ತೋಟಕ್ಕೆ ಕೇಡೂ ಬರಬಹುದು.

ಮೊದಲು ಅಳತೆ, ಆಮೇಲೆ ದರ

ತೆಂಗನ್ನು 30 ಅಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ ಎಕರೆಗೆ ಸುಮಾರು 50 ಮರಗಳಿರುತ್ತವೆ. ಬುಡದಿಂದ 6 ಅಡಿ ದೂರದವರೆಗೆ ಪಾತಿ ಮಾಡಿದರೆ ಅದರ ವಿಸ್ತೀರ್ಣ ಸುಮಾರು 113 ಚದರ ಅಡಿ. ಇದಕ್ಕೆ 2 ಅಂಗುಲ ದಪ್ಪ ಗೋಡು ಹಾಕಲು ಸುಮಾರು 19 ಘನ ಅಡಿ ಬೇಕು. ಒಳ ಅಳತೆ 10 ಅಡಿ ಉದ್ದ, 5 ಅಡಿ ಅಗಲ, 2 ಅಡಿ ಎತ್ತರವಿರುವ ಟ್ರೇಲರ್ ಮಟ್ಟವಾಗಿ ತುಂಬಿದರೆ 100 ಘನ ಅಡಿ ಹಿಡಿಯುತ್ತದೆ. ಅಂದರೆ ಒಂದು ಲೋಡು 5 ಮರಗಳಿಗೆ, 10 ಲೋಡು ಒಂದು ಎಕರೆಯ ಪಾತಿಗಳಿಗೆ ಸಾಕು. ಇಡೀ ಎಕರೆಗೆ ಒಂದೇ ಅಂಗುಲ ಹರಡಬೇಕೆಂದರೂ 36 ಲೋಡು ಬೇಕು. ಆದುದರಿಂದ ಕೈಯಲ್ಲಿ ಹಣ ಕಡಿಮೆ ಇರುವವರು ಪಾತಿಗಳಿಗೆ ಮಾತ್ರ ಹಾಕಿಸುವುದು ಮೇಲು.

'ಲೋಡಿಗೆ ಇಷ್ಟು' ಎಂದು ಮಾತಾಡುವ ಮೊದಲು ಟ್ರೇಲರನ್ನು ಅಳೆಯಿರಿ. ಮೇಲೆ ಹೇಳಿದ ಟ್ರೇಲರನ್ನು ಒಂದೂವರೆ ಅಡಿಯಷ್ಟೇ ತುಂಬಿದರೆ ಬರುವುದು 75 ಘನ ಅಡಿ. ಹತ್ತು ಲೋಡಿನಲ್ಲಿ 13 ಮರಗಳ ಪಾಲಿನ ಗೋಡು ಕಡಿಮೆಯಾಗುತ್ತದೆ.

ದಿನಗೂಲಿಯೋ, ಗುತ್ತಿಗೆಯೋ?

ಗೋಡು ತುಂಬುವುದು, ಸಾಗಿಸುವುದು, ಇಳಿಸುವುದು ಅಳೆಯಬಹುದಾದ ಕೆಲಸಗಳು. ಇವನ್ನು ಲೋಡಿನ ಲೆಕ್ಕದಲ್ಲಿ ಗುತ್ತಿಗೆ ಕೊಡಬಹುದು. ಪಾತಿ ಬಿಡಿಸುವುದು, ಗೋಡು ಹರಡುವುದು, ಹೊದಿಕೆ ಹಾಸುವುದು ಜೋಪಾನದ ಕೆಲಸಗಳು. ಆತುರಪಟ್ಟರೆ ಬೇರಿಗೆ ಗುದ್ದಲಿ ಏಟು ಬೀಳುತ್ತದೆ. ಇವನ್ನು ದಿನಗೂಲಿಯಲ್ಲಿ, ರೈತನೇ ಎದುರಿಗೆ ನಿಂತು ಮಾಡಿಸಬೇಕು. ಸಣ್ಣ ಹಿಡುವಳಿದಾರರಿಗೆ ಮುಯ್ಯಾಳು ಪದ್ಧತಿ ಈಗಲೂ ಅನುಕೂಲ. ಅಕ್ಕಪಕ್ಕದ ನಾಲ್ಕು ಮನೆಯವರು ಸರದಿಯಂತೆ ಒಬ್ಬರ ತೋಟದಲ್ಲಿ ಒಬ್ಬರು ದುಡಿದರೆ ಕೈಯಿಂದ ಹಣ ಬಿಚ್ಚುವುದು ಟ್ರ್ಯಾಕ್ಟರ್ ಬಾಡಿಗೆಗೆ ಮಾತ್ರ.

ಲೋಡಿನ ಅಳತೆ, ದರ, ಇಳಿಸುವ ಜಾಗ, ಮುಗಿಸುವ ದಿನ, ಮುಂಗಡ ಇವನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡುವುದು ಒಳ್ಳೆಯದು. ಒಂದೇ ಕೆಲಸಕ್ಕೆ ಗಂಡಾಳಿಗೂ ಹೆಣ್ಣಾಳಿಗೂ ಸಮಾನ ಕೂಲಿ ಕೊಡಬೇಕೆಂದು 1976ರಲ್ಲೇ ಕಾನೂನು ಬಂದಿದೆ. ಸರ್ಕಾರ ಗೊತ್ತುಪಡಿಸಿದ ಕನಿಷ್ಠ ಕೂಲಿಗಿಂತ ಕಡಿಮೆ ಕೊಡಬಾರದು.

ಗೋಡು ತೆಗೆಯುವಾಗ ತಳದಲ್ಲಿ ಗವಿಯಂತೆ ಕೊರೆದು ಮೇಲಿನ ಮಣ್ಣನ್ನು ಬೀಳಿಸುವ ಅಭ್ಯಾಸ ಪ್ರಾಣಾಪಾಯಕ್ಕೆ ದಾರಿ. ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕು. ತುಂಬಿದ ಲೋಡಿನ ಮೇಲೆ ಆಳುಗಳನ್ನು ಕೂರಿಸಬಾರದು.

ಎಲ್ಲಿಯ ಮಣ್ಣು?

ಮಾರ್ಚಿಯಿಂದ ಮೇವರೆಗೆ ಕೆರೆ ಒಣಗಿರುವಾಗ ಗೋಡು ತೆಗೆಸಿ, ಹೆಂಟೆ ಒಡೆದು ಒಣಗಿಸಿ, ಮುಂಗಾರಿಗೆ ಮುಂಚೆ ಹರಡಬೇಕು. ಕೆರೆ ಯಾರ ಸುಪರ್ದಿಯಲ್ಲಿದೆಯೋ ಆ ಪಂಚಾಯಿತಿ ಅಥವಾ ಇಲಾಖೆಯಿಂದ ಅನುಮತಿ ಪಡೆಯಿರಿ. ಏರಿ ಮತ್ತು ತೂಬಿನ ಹತ್ತಿರ ಅಗೆಯಬೇಡಿ. ಗೋಡು ಎಲ್ಲ ಮಣ್ಣಿಗೂ ಒಗ್ಗುವುದಿಲ್ಲ. ಜಿಗುಟು ಎರೆಮಣ್ಣಿನ ತೋಟಕ್ಕೆ ಹಾಕಿದರೆ ನೀರು ನಿಲ್ಲುತ್ತದೆ. ಗೋಡು ಮತ್ತು ತೋಟದ ಮಣ್ಣು ಎರಡನ್ನೂ ಪರೀಕ್ಷೆ ಮಾಡಿಸಿ, ಉಪ್ಪಿನಂಶ ಹೆಚ್ಚಿರುವ ಗೋಡನ್ನು ಬಿಡಬೇಕು.

ಬೇರೆ ಜಮೀನಿನ ಮೇಲ್ಮಣ್ಣು ಕೊಂಡು ತರುವುದು ಅಪಾಯಕರ. ತೆಂಗಿನ ಅಣಬೆ ರೋಗ ಮಣ್ಣಿನ ಮೂಲಕ ಹರಡುತ್ತದೆ. ಕಾಂಡದ ಬುಡದಲ್ಲಿ ಕೆಂಗಂದು ರಸ ಸೋರುವ ಮರಗಳಿರುವ ತೋಟದಿಂದ ಒಂದು ಬಾಂಡ್ಲಿ ಮಣ್ಣನ್ನೂ ತರಬಾರದು. ಅಲ್ಲಿ ಬಳಸಿದ ಗುದ್ದಲಿ, ಹಾರೆಗಳನ್ನು ತೊಳೆದೇ ಬಳಸಬೇಕು. ಬೇಲೂರು ಕಡೆ ಶುಂಠಿ ಸೊರಗಿ ಸತ್ತ ಹೊಲದ ಮಣ್ಣನ್ನು ಶುಂಠಿ, ಆಲೂಗಡ್ಡೆ, ಟೊಮೆಟೊ ಬೆಳೆಯುವ ಜಾಗಕ್ಕೆ ಹಾಕಬಾರದು. ಮೇಲ್ಮಣ್ಣು ಮಾರುವ ರೈತನೂ ಯೋಚಿಸಬೇಕು. ಒಂದು ಅಂಗುಲ ಮೇಲ್ಮಣ್ಣು ಹುಟ್ಟಲು ನೂರಾರು ವರ್ಷ ಬೇಕು. ಮಾರಿದ ಹಣ ಒಂದು ವರ್ಷಕ್ಕೂ ಬಾರದು.

ಬೇಲೂರು, ಹಳೇಬೀಡುಗಳಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಇವು ಹೊಯ್ಸಳರ ರಾಜಧಾನಿಗಳು. ಇಲ್ಲಿನ ದೇವಾಲಯಗಳು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆಗೆ 200 ಮೀಟರ್ ನಿಯಂತ್ರಿತ ವಲಯ. ಇಲ್ಲಿ ಮಣ್ಣು, ಗ್ರಾವಲ್ ತೆಗೆಯುವ ಮಾತನ್ನು ಯಾರೊಡನೆಯೂ ಗುತ್ತಿಗೆ ಆಡಬೇಡಿ. ಬೇರೆಲ್ಲಿಯಾದರೂ ಅಗೆಯುವಾಗ ಕೆತ್ತನೆಯ ಕಲ್ಲು ಅಥವಾ ಶಾಸನ ಸಿಕ್ಕಿದರೆ ಕೆಲಸ ನಿಲ್ಲಿಸಿ ತಹಸೀಲ್ದಾರರಿಗೆ ತಿಳಿಸಬೇಕು.

ಹೊದಿಕೆ

ಹಿಂಗಾರು ಮುಗಿಯುವ ಹೊತ್ತಿಗೆ, ಪಾತಿಯಲ್ಲಿ ತೇವ ಇರುವಾಗಲೇ ಹೊದಿಕೆ ಹಾಸಬೇಕು. ಮರವೊಂದಕ್ಕೆ 100 ಕಾಯಿಸಿಪ್ಪೆಗಳನ್ನು ಉಬ್ಬುಭಾಗ ಮೇಲಾಗುವಂತೆ ಜೋಡಿಸಬಹುದು, ಇಲ್ಲವೆ 15 ಒಣ ಗರಿಗಳನ್ನು ತುಂಡರಿಸಿ ಹಾಸಬಹುದು. ನಾರಿನ ಕಾರ್ಖಾನೆಯ ಹೊಟ್ಟು ಸಿಕ್ಕಿದರೆ 4 ಅಂಗುಲ ದಪ್ಪ ಹರಡಬಹುದು. ಗೆದ್ದಲು ಕಾಣುತ್ತದೆಯೇ ಎಂದು ಆಗಾಗ ನೋಡುತ್ತಿರಬೇಕು. ಉಳಿದ ಕಸ, ಕೊಳೆತ ಕಾಂಡಗಳನ್ನು ತೋಟದಲ್ಲೇ ಗುಡ್ಡೆ ಹಾಕಿದರೆ ಅದು ಕುರುವಾಯಿ ದುಂಬಿಯ ತವರಾಗುತ್ತದೆ.

ಗ್ರಾವಲ್

ಗ್ರಾವಲ್ ಇರಬೇಕಾದುದು ಪಾತಿಯಲ್ಲಲ್ಲ, ದಾರಿಯಲ್ಲಿ ಮತ್ತು ಮನೆಯಂಗಳದಲ್ಲಿ. 10 ಅಡಿ ಅಗಲ, 100 ಅಡಿ ಉದ್ದದ ದಾರಿಗೆ 4 ಅಂಗುಲ ದಪ್ಪ ಹಾಕಲು ಮೂರೂಕಾಲು ಲೋಡಿಗೂ ಸ್ವಲ್ಪ ಹೆಚ್ಚು ಬೇಕು. ದಮ್ಮಸು ಮಾಡಿದಾಗ ಕುಗ್ಗುವುದರಿಂದ ಒಂದು ಲೋಡು ಹೆಚ್ಚಿಗೆ ಹೇಳಿಡಿ. ದಾರಿಯ ನಡುಭಾಗ ಎತ್ತರಿಸಿ ಎರಡೂ ಮಗ್ಗುಲಿಗೆ ಚರಂಡಿ ತೆಗೆಸಬೇಕು. ಬೇಲೂರಿನ ಮಳೆಗೆ ಚರಂಡಿಯಿಲ್ಲದ ದಾರಿ ನಿಲ್ಲುವುದಿಲ್ಲ. ಚರಂಡಿಯ ನೀರನ್ನು ವ್ಯರ್ಥವಾಗಿ ಹರಿಯಲು ಬಿಡದೆ ಇಂಗುಗುಂಡಿಗೆ ತಿರುಗಿಸಿದರೆ ತೋಟಕ್ಕೂ ಲಾಭ.

ಮಣ್ಣು ಪರೀಕ್ಷೆ ಮತ್ತು ಅಣಬೆ ರೋಗದ ಬಗ್ಗೆ ಸಲಹೆ ಬೇಕಾದ ರೈತರು ಅರಸೀಕೆರೆಯ ತೋಟಗಾರಿಕಾ ಸಂಶೋಧನಾ ಕೇಂದ್ರ ಅಥವಾ ಹಾಸನದ ಬಳಿ ಕಂದಲಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಕಾಣಬಹುದು. ಗೋಡು ಬಂದು ಬಿದ್ದ ಮೇಲೆ ಹೋಗುವುದಕ್ಕಿಂತ ಟ್ರ್ಯಾಕ್ಟರಿಗೆ ಮುಂಗಡ ಕೊಡುವ ಮೊದಲೇ ಹೋಗುವುದು ಸೂಕ್ತ.