ಸ್ಪೇನ್ ದೇಶದಲ್ಲಿ ಆಲಿವ್ ಎಣ್ಣೆಯ ಬಳಕೆ

ಕನ್ನಡದ 'ಎಣ್ಣೆ' ಎಂಬ ಮಾತು 'ಎಳ್' ಮತ್ತು 'ನೆಯ್' ಎಂಬ ಎರಡು ಶಬ್ದಗಳು ಕೂಡಿ ಆದದ್ದೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಎಳ್ಳಿನ ಜಿಡ್ಡಿಗೆ ಇದ್ದ ಹೆಸರು ಕಾಲಕ್ರಮದಲ್ಲಿ ಉಳಿದವುಗಳಿಗೂ ಹರಡಿತು. ಸ್ಪ್ಯಾನಿಷ್ ಭಾಷೆಯಲ್ಲಿ ಎಣ್ಣೆಗೆ ಸಾಮಾನ್ಯವಾಗಿ ಹೇಳುವ 'ಅಸೇಯ್ತೆ' ಎಂಬ ಪದದ ಕಥೆಯೂ ಇಂಥದೇ. ಅದು ಆಲಿವ್ ಎಣ್ಣೆಯನ್ನು ಸೂಚಿಸುವ ಅರಬ್ಬೀ ಶಬ್ದದಿಂದ ಬಂದುದು. ಕಡಲೆಕಾಯಿ ಎಣ್ಣೆ ಎನ್ನುವಾಗ ನಮಗೆ ಎಳ್ಳು ನೆನಪಾಗದಂತೆ, ಸೂರ್ಯಕಾಂತಿಯ 'ಅಸೇಯ್ತೆ' ಕೊಳ್ಳುವ ಸ್ಪೇನಿನ ಗೃಹಿಣಿಗೂ ಆಲಿವ್ ನೆನಪಾಗುವುದಿಲ್ಲ. ಕನ್ನಡ ಬೈಬಲಿನ ಭಾಷಾಂತರಕಾರರು ಆ ಮರವನ್ನು 'ಎಣ್ಣೇಮರ' ಎಂದೇ ಕರೆದರು. ತನ್ನ ಹೆಸರಿನಿಂದಲೇ ಎಣ್ಣೆಯ ಜಾತಿಯನ್ನೆಲ್ಲ ಗುರುತಿಸುವಷ್ಟು ಸಹಜವಾಗಿದ್ದ ಒಂದು ಪದಾರ್ಥವು ಆ ನಾಡಿನ ಸಾಮಾನ್ಯರ ಅಡಿಗೆಮನೆಯಿಂದ ಮತ್ತೆ ಮತ್ತೆ ಏಕೆ ಜಾರಿತೆಂಬುದನ್ನು ನಾವಿಲ್ಲಿ ಪರಿಶೀಲಿಸಬಯಸುತ್ತೇವೆ.

ಮೊದಲು ಲೆಕ್ಕದ ರೀತಿಯನ್ನು ಕುರಿತು ಒಂದು ಮಾತು. ದೇಶದ ಬಳಕೆಯೆಂದು ಅಂಕಿ ಅಂಶಗಳಲ್ಲಿ ಕಾಣುವುದು ಯಾರೂ ಅಳೆದು ನೋಡಿದ ಮೊತ್ತವಲ್ಲ. ವರ್ಷಾರಂಭದ ದಾಸ್ತಾನು, ಉತ್ಪತ್ತಿ ಮತ್ತು ಆಮದುಗಳನ್ನು ಕೂಡಿಸಿ, ರಫ್ತನ್ನೂ ವರ್ಷಾಂತ್ಯದ ದಾಸ್ತಾನನ್ನೂ ಕಳೆದರೆ ಉಳಿಯುವ ಶೇಷವೇ ಅದು. ಇಲ್ಲಿ ವರ್ಷವೆಂದರೆ ಅಕ್ಟೋಬರಿನಿಂದ ಸೆಪ್ಟೆಂಬರಿನವರೆಗಿನ ಫಸಲಿನ ವರ್ಷ. ನಮ್ಮ ಮಾವಿನಂತೆ ಆಲಿವ್ ಮರವೂ ಒಂದು ವರ್ಷ ತುಂಬಿ ಫಲಿಸಿ ಮರುವರ್ಷ ಸೊರಗುವ ಸ್ವಭಾವದ್ದಾದುದರಿಂದ, ಯಾವುದೋ ಎರಡು ವರ್ಷಗಳನ್ನು ಎದುರುಬದುರಾಗಿಟ್ಟು ತೀರ್ಮಾನಕ್ಕೆ ಬರುವುದು ಅಪಾಯಕರ. ಇನ್ನೂ ಒಂದು ತೊಡಕುಂಟು. ಈ ಶೇಷದಲ್ಲಿ ಹೋಟೆಲುಗಳೂ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳೂ ಬಳಸಿದ ಎಣ್ಣೆ ಸೇರಿರುತ್ತದೆ. 2023ರಲ್ಲಿ ಸುಮಾರು 4.8 ಕೋಟಿ ಜನರಿದ್ದ ಆ ದೇಶಕ್ಕೆ 8.5 ಕೋಟಿ ವಿದೇಶೀ ಪ್ರವಾಸಿಗರು ಬಂದುಹೋದರು. ಅವರು ತಿಂದುದನ್ನೂ ನಿವಾಸಿಗಳ ತಲೆಗೇ ಹಂಚಿದರೆ ತಲಾ ಬಳಕೆ ಇರುವುದಕ್ಕಿಂತ ಹೆಚ್ಚಾಗಿ ಕಾಣುವುದು ಸಹಜವೇ.

ಸ್ಪೇನಿನ ಎಣ್ಣೆಗೆ ಹೊರಗಿನ ಕೊಳ್ಳುಗ ಎಂದೂ ಇದ್ದಾನೆ. ರೋಮ್ ನಗರದ ಮೊಂತೆ ತೆಸ್ತಾಚೊ ಎಂಬ ಗುಡ್ಡವು ಬಹುಪಾಲು ದಕ್ಷಿಣ ಸ್ಪೇನಿನಿಂದ ಎಣ್ಣೆ ತುಂಬಿ ತಂದ ಮಣ್ಣಿನ ಜಾಡಿಗಳ ಚೂರುಗಳಿಂದಲೇ ಎದ್ದಿತು. ಅಂತರ್ಯುದ್ಧ ಮುಗಿದ 1939ರಿಂದ 1952ರವರೆಗೆ ಆಹಾರಕ್ಕೆ ಪಡಿತರ ಪದ್ಧತಿ ಜಾರಿಯಲ್ಲಿತ್ತು. ಎಣ್ಣೆಯೂ ಚೀಟಿಗೆ ಸಿಗುವ ವಸ್ತುವಾಯಿತು, ಕಾಳಸಂತೆ ಬೆಳೆಯಿತು. 1950ರ ದಶಕದ ನಡುವಿನಿಂದ ಅಮೆರಿಕದ ಆಹಾರ ನೆರವಿನ ಕಾನೂನಿನನ್ವಯ ಸೋಯಾ ಎಣ್ಣೆ ಬರತೊಡಗಿತು. ವಿದೇಶೀ ವಿನಿಮಯ ತರುವ ಆಲಿವ್ ಎಣ್ಣೆ ಹೊರಕ್ಕೆ, ಅಗ್ಗದ ಸೋಯಾ ಎಣ್ಣೆ ಒಳಕ್ಕೆ ಎಂಬುದೇ ಅಂದಿನ ನೀತಿಯ ಸಾರ. 1960ರ ದಶಕದ ಉತ್ತರಾರ್ಧದಿಂದ ದೇಶದಲ್ಲಿಯೇ ಸೂರ್ಯಕಾಂತಿಯ ಬೇಸಾಯ ಹಬ್ಬಿದ ಮೇಲೆ ಆ ಎಣ್ಣೆ ಬಾಣಲೆಯಲ್ಲಿ ನೆಲೆಯೂರಿತು.

ಬಳಕೆಯ ಅಂಕಿಗಳ ಹಿಂದೆ ಬಡವರ ಬದುಕು ಹೇಗೆ ಅಡಗಿರುತ್ತದೆಂಬುದಕ್ಕೆ 1981ರ ದುರಂತಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಸ್ವದೇಶದ ಎಣ್ಣೆಯ ರಕ್ಷಣೆಗಾಗಿ, ಸಾಸಿವೆಯ ಕುಲದ ರೇಪ್ ಬೀಜದ ಎಣ್ಣೆಯನ್ನು ಆಹಾರಕ್ಕೆಂದು ತರಿಸುವುದಕ್ಕೆ ಆಗ ನಿರ್ಬಂಧವಿತ್ತು. ಕೈಗಾರಿಕೆಗೆ ತರಿಸಬಹುದಾಗಿತ್ತು, ಆದರೆ ತಿನ್ನಲು ಬಾರದಂತೆ ಅದಕ್ಕೆ ಅನಿಲೀನ್ ಬೆರೆಸಿರಬೇಕಾಗಿತ್ತು. ಕೆಲವು ವ್ಯಾಪಾರಿಗಳು ಫ್ರಾನ್ಸಿನಿಂದ ಬಂದ ಇಂಥ ಎಣ್ಣೆಯನ್ನು ಮತ್ತೆ ಸಂಸ್ಕರಿಸಿ, ಹೆಸರುಪಟ್ಟಿಯಿಲ್ಲದ 5 ಲೀಟರಿನ ಪ್ಲಾಸ್ಟಿಕ್ ಡಬ್ಬಗಳಲ್ಲಿ ತುಂಬಿ, ಮ್ಯಾಡ್ರಿಡ್ಡಿನ ಸುತ್ತಲಿನ ಕಾರ್ಮಿಕರ ಬಡಾವಣೆಗಳಲ್ಲಿ ಮನೆಬಾಗಿಲಿಗೆ ತಂದು ಮಾರಿದರು. ಆಲಿವ್ ಎಣ್ಣೆಯೆಂದು ನಂಬಿಸಿ ಮಾರಿದ್ದೂ ಉಂಟು. ಮೇ ತಿಂಗಳ ಆದಿಯಲ್ಲಿ ತೊರ್ರೆಹೋನ್ ಎಂಬ ಊರಿನ ಬಾಲಕನೊಬ್ಬನು ತೀರಿಕೊಂಡಾಗ ವೈದ್ಯರು ಇದನ್ನು ಒಂದು ಬಗೆಯ ನ್ಯುಮೋನಿಯಾ ಎಂದು ಭಾವಿಸಿದರು. ಎಣ್ಣೆಯೇ ಮೂಲವೆಂದು ಸರ್ಕಾರವು ಜೂನ್ ತಿಂಗಳಲ್ಲಿ ಪ್ರಕಟಿಸುವಷ್ಟರಲ್ಲಿ ಸಹಸ್ರಾರು ಜನರು ಹಾಸಿಗೆ ಹಿಡಿದಿದ್ದರು. ಒಟ್ಟು ಸುಮಾರು 20,000 ಮಂದಿ ರೋಗಕ್ಕೆ ತುತ್ತಾದರು. ಮೊದಲ ಕೆಲವು ವರ್ಷಗಳಲ್ಲಿಯೇ 300ಕ್ಕೂ ಹೆಚ್ಚು ಜನ ಮಡಿದರು. ಆಲಿವನ್ನು ಕಾಪಾಡಲೆಂದು ಹಾಕಿದ ಬೇಲಿಯೇ ಕೊಳ್ಳಲಾರದವನಿಗೆ ಮುಳ್ಳಾಯಿತೆಂದರೆ ತಪ್ಪಾಗಲಾರದು. ಆದರೂ ಮುಖ್ಯ ಅಪರಾಧ ಮಾರಿದವರದೇ.

1986ರಲ್ಲಿ ಸ್ಪೇನ್ ಯೂರೋಪಿನ ಆರ್ಥಿಕ ಸಮುದಾಯವನ್ನು ಸೇರಿದ ನಂತರದ ಕಥೆಯನ್ನು ಚಿಕ್ಕದಾಗಿ ಹೇಳಬಹುದು. ಸಹಾಯಧನ, ಹನಿ ನೀರಾವರಿ, ಒತ್ತೊತ್ತಾಗಿ ನೆಟ್ಟ ಹೊಸ ತೋಟಗಳು ಇವುಗಳಿಂದ ಉತ್ಪತ್ತಿ ಬಹುವಾಗಿ ಏರಿತು. 1990ರ ದಶಕದ ಪೂರ್ವಾರ್ಧದ ಬರಗಾಲದಲ್ಲಿ ಬೆಲೆ ಏರಿ ಬಳಕೆ ಕುಗ್ಗಿತಾದರೂ ಮಳೆ ಬಂದೊಡನೆ ಚೇತರಿಸಿಕೊಂಡಿತು.

ಮುಂದಿನ ಪರೀಕ್ಷೆ ಇದಕ್ಕಿಂತ ಕಠಿನವಾದುದು. 2021-22ರಲ್ಲಿ ಸುಮಾರು 15 ಲಕ್ಷ ಟನ್ನಿದ್ದ ಉತ್ಪತ್ತಿ ಮರುವರ್ಷ ಅನಾವೃಷ್ಟಿಯಿಂದಲೂ ಹೂ ಬಿಡುವ ಕಾಲದ ಬಿಸಿಲಿನಿಂದಲೂ ಸುಮಾರು 6.7 ಲಕ್ಷಕ್ಕೆ ಇಳಿಯಿತು. 2023-24ರಲ್ಲಿಯೂ ಸುಮಾರು 8.5 ಲಕ್ಷವನ್ನು ಮೀರಲಿಲ್ಲ. ಎರಡು ಕೆಟ್ಟ ಫಸಲುಗಳು ಬೆನ್ನುಬೆನ್ನಿಗೆ ಬಂದುದರಿಂದ ದಾಸ್ತಾನು ಬರಿದಾಯಿತು. 2024ರ ಜನವರಿಯ ವೇಳೆಗೆ ಗಾಣದ ಬಾಗಿಲಲ್ಲೇ ಕಿಲೋ ಒಂದಕ್ಕೆ ಸುಮಾರು 9 ಯೂರೊ ಆಯಿತು. ಮೂರು ವರ್ಷಗಳ ಹಿಂದೆ ಅದು 3 ಯೂರೊಗಳ ಆಸುಪಾಸಿನಲ್ಲಿತ್ತು. ಅಂಗಡಿಗಳವರು ಸೀಸೆಗಳಿಗೆ ಕಳ್ಳತನ ತಡೆಯುವ ಪಟ್ಟಿ ಬಿಗಿದರು. ಆ ವರ್ಷದ ಮೊದಲರ್ಧದಲ್ಲಿ ಸೂರ್ಯಕಾಂತಿ ಎಣ್ಣೆಯ ಮಾರಾಟವು ಆಲಿವಿನದನ್ನು ಮೀರಿತು. ಮಾರಾಟ ತೆರಿಗೆಯನ್ನು 2023ರ ಜನವರಿಯಲ್ಲಿ ಶೇಕಡಾ 10ರಿಂದ 5ಕ್ಕೂ, 2024ರ ಜುಲೈಯಲ್ಲಿ ಸೊನ್ನೆಗೂ ಇಳಿಸಲಾಯಿತು. ಮೂರು ಪಟ್ಟಾದ ಬೆಲೆಯ ಮುಂದೆ ಶೇಕಡಾ ಹತ್ತರ ರಿಯಾಯಿತಿ ಎಷ್ಟರದು?

2024-25ರಲ್ಲಿ ಮಳೆ ಒದಗಿ ಉತ್ಪತ್ತಿ ಮತ್ತೆ 14 ಲಕ್ಷ ಟನ್ನುಗಳ ಹತ್ತಿರಕ್ಕೆ ಬಂದಿತು, ಗಾಣದ ಬೆಲೆ ಅರ್ಧಕ್ಕಿಂತ ಕೆಳಗಿಳಿಯಿತು, ಕೊಳ್ಳುವವರೂ ಮರಳತೊಡಗಿದರು. ಎಲ್ಲರೂ ಮರಳುವರೆಂದು ಹೇಳಲು ನಮಗೆ ಧೈರ್ಯವಿಲ್ಲ. ಎಲೆಪಲ್ಯಗಳ ಮೇಲೆ ಹಸಿಯಾಗಿ ಸುರಿದುಕೊಳ್ಳುವ ಎಣ್ಣೆ ಆಲಿವಿನದೇ ಆಗಿ ಉಳಿಯಬಹುದು, ಅಲ್ಲಿ ರುಚಿಗೆ ಬದಲಿಯಿಲ್ಲ. ಆದರೆ ಎಣ್ಣೆ ಹೆಚ್ಚು ಖರ್ಚಾಗುವುದು ಕರಿಯುವ ಬಾಣಲೆಯಲ್ಲಿ, ಮತ್ತು ಬಾಣಲೆಯು 1960ರ ದಶಕದಲ್ಲಿ ಒಮ್ಮೆ ಹಿಡಿದ ಅಭ್ಯಾಸವನ್ನು ಪೂರ್ತಿಯಾಗಿ ಬಿಟ್ಟದ್ದೇ ಇಲ್ಲ.